ಮರೆತಂತೆ ಇದ್ದ ತಾಯಿ, ಮರೆಯಲಾಗದ ಮಗಳು: ‘ತರ್ಟಿ ಡೇಸ್ ಇನ್ ಸೆಪ್ಟೆಂಬರ್’ ನಾಟಕದ ಹಿಂದಿನ ಕಥೆ

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇವತ್ತಿನ ಎಪಿಸೋಡ್‌ನಲ್ಲಿ ಮಕ್ಕಳ ಮೇಲೆ ಮನೆಯವರಿಂದಲೇ ನಡೆಯುವ ಲೈಂಗಿಕ ದೌರ್ಜನ್ಯದ ವಿಷಯ ಬರುತ್ತೆ. ವರ್ಣನೆ ಮಾಡಲ್ಲ, ಆದರೆ ಸುತ್ತಿ ಬಳಸಿಯೂ ಮಾತಾಡಲ್ಲ. ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿದ್ದೀರಿ, ಇವತ್ತು ಯಾಕೋ ಮನಸ್ಸು ಸರಿ ಇಲ್ಲ ಅಂದ್ರೆ ಇಲ್ಲೇ ನಿಲ್ಲಿಸಿ, ಇನ್ನೊಂದು ದಿನ ಕೇಳಿ. ನಿಮಗೆ ಗೊತ್ತಿರೋ ಯಾವುದಾದರೂ ಮಗುವಿಗೆ ಸಹಾಯ ಬೇಕಿದ್ರೆ ಮಕ್ಕಳ ಸಹಾಯವಾಣಿ 1098. ಈ ನಂಬರ್ ಎಪಿಸೋಡ್ ಕೊನೇಲಿ ಹೇಳೋದು ವಾಡಿಕೆ. ಕೊನೇವರೆಗೂ ಎಲ್ಲರೂ ಕೇಳಲ್ಲ, ಅದಕ್ಕೇ ಮೊದಲೇ ಹೇಳಿದೆ.

ಸರಿ. ಒಂದು ವೇದಿಕೆ. ಒಬ್ಬ ಹುಡುಗಿ ಕೌನ್ಸೆಲರ್ ಮುಂದೆ ಕೂತಿದ್ದಾಳೆ. ಅವಳ ಮಾತು ರೆಕಾರ್ಡ್ ಆಗ್ತಿದೆ. ತಾರೀಖು ಹೇಳ್ತಾಳೆ. ಹೆಸರು ಹೇಳೋಕೆ ಹೋಗಿ ನಿಲ್ಲಿಸಿಬಿಡ್ತಾಳೆ, ಹೆಸರು ಹೇಳೋದು ಬೇಡ ಅಂತಾಳೆ. ಆಮೇಲೆ, ಯಾರೂ ಏನೂ ಕೇಳದೇ ಇದ್ದರೂ, ತಪ್ಪೆಲ್ಲ ತನ್ನದೇ ಇರಬೇಕು ಅಂತಾಳೆ.

ನಾನು ಈ ನಾಟಕ ಮೊದಲು ಓದಿದಾಗ ನಿಂತಿದ್ದು ಇಲ್ಲೇ. ವಾರಕ್ಕೊಮ್ಮೆ ಮೈಕ್ ಮುಂದೆ ಕೂರೋಳು ನಾನು. ನನಗೆ ಮೊದಲ ವಾಕ್ಯವೇ ನನ್ನ ಹೆಸರು. ಇಲ್ಲೊಬ್ಬಳು ರೆಕಾರ್ಡರ್ ಮುಂದೆ ಹೆಸರು ಬಿಟ್ಟು ತಪ್ಪನ್ನ ಮಾತ್ರ ತಗೋತಾಳೆ.

ನಾಟಕದ ಹೆಸರು ‘ತರ್ಟಿ ಡೇಸ್ ಇನ್ ಸೆಪ್ಟೆಂಬರ್’. ಬರೆದವರು ಮಹೇಶ್ ದತ್ತಾನಿ. ಇಂಗ್ಲಿಷ್ ನಾಟಕ, ಕಥೆ ನಡೆಯೋದು ದೆಹಲಿಯಲ್ಲಿ, ಆದರೆ ಬರೆದವರು ನಮ್ಮ ಬೆಂಗಳೂರಿನವರು. 1958ರಲ್ಲಿ ಇಲ್ಲೇ ಒಂದು ಗುಜರಾತಿ ಕುಟುಂಬದಲ್ಲಿ ಹುಟ್ಟಿ, ಇಲ್ಲೇ ಓದಿ, 1984ರಲ್ಲಿ ‘ಪ್ಲೇಪೆನ್’ ಅನ್ನೋ ತಂಡ ಕಟ್ಟಿದವರು. 1998ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂಗ್ಲಿಷ್‌ನಲ್ಲಿ ನಾಟಕ ಬರೆಯುವವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಈ ನಾಟಕ ಹುಟ್ಟಿದ ರೀತಿ ಸ್ವಲ್ಪ ಬೇರೆ. ದೆಹಲಿಯಲ್ಲಿ ‘ರಾಹಿ’ ಅಂತ ಒಂದು ಸಂಸ್ಥೆ ಇದೆ. ಬಾಲ್ಯದಲ್ಲಿ ಮನೆಯವರಿಂದಲೇ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡೋಕೆ ಅಂತಲೇ 1996ರಲ್ಲಿ ಶುರುವಾಗಿದ್ದು. 90ರ ದಶಕದ ಕೊನೆಯಲ್ಲಿ ಅವರು ನಗರಗಳ ಸುಮಾರು 600 ಹೆಣ್ಣುಮಕ್ಕಳನ್ನ ಪ್ರಶ್ನಾವಳಿ ಕೊಟ್ಟು ಕೇಳಿದರು. ಎಲ್ಲರೂ ಇಂಗ್ಲಿಷ್ ಬಲ್ಲ, ಮಧ್ಯಮ ಇಲ್ಲವೇ ಮೇಲ್ಮಧ್ಯಮ ವರ್ಗದವರು. ನೂರಕ್ಕೆ 76 ಜನ, ಚಿಕ್ಕವರಿದ್ದಾಗ ಯಾವುದೋ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಅಂದರು.

ಬಿ.ಕಾಂ.ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದವಳಾಗಿ ಹೇಳಬೇಕು, ಇದು ಇಡೀ ದೇಶಕ್ಕೆ ಅನ್ವಯಿಸೋ ಸ್ಯಾಂಪಲ್ ಅಲ್ಲ. ಯಾರು ಉತ್ತರ ಕೊಡೋಕೆ ಒಪ್ಪಿದರೋ ಅವರ ಲೆಕ್ಕ. ಆದರೆ ಆ 600 ಜನ ಯಾರು ಅಂತ ನೋಡಿ. ಇಂಗ್ಲಿಷ್ ನಾಟಕಕ್ಕೆ ಟಿಕೆಟ್ ತಗೊಂಡು ಹೋಗೋ ಮನೆಗಳವರೇ. ‘ಇದೆಲ್ಲ ಬಡವರ ಮನೇಲಿ, ಕುಡುಕರ ಮನೇಲಿ ನಡೆಯೋದು’ ಅಂತ ಅಂದುಕೊಂಡಿದ್ದ ಜನ. ರಾಹಿಯವರು ಇದರ ಬಗ್ಗೆ ಒಂದು ನಾಟಕ ಬರೆದುಕೊಡಿ ಅಂತ ದತ್ತಾನಿ ಅವರನ್ನ ಕೇಳಿದರು. ಬರೆಯೋಕೆ ಮುಂಚೆ ದತ್ತಾನಿ ಬದುಕುಳಿದವರ ಮಾತು ಕೇಳಿಸಿಕೊಂಡರು. ಇಂಗ್ಲಿಷ್‌ನಲ್ಲಿ ಯಾಕೆ ಬರೆದರು, ಕನ್ನಡದಲ್ಲೋ ಹಿಂದಿಯಲ್ಲೋ ಬರೆಯಬಾರದಿತ್ತಾ ಅಂತ ಕೇಳೋರಿಗೆ ನನ್ನ ಉತ್ತರ ಇದೇ: ಯಾರ ಮನೆಯ ಬಾಗಿಲು ಬಡಿಯಬೇಕಿತ್ತೋ ಅವರ ಭಾಷೆಯಲ್ಲೇ ಬಡಿದರು.

2001ರ ಮೇ 31ರಂದು ಮುಂಬೈನ ಪೃಥ್ವಿ ಥಿಯೇಟರ್‌ನಲ್ಲಿ ಮೊದಲ ಪ್ರದರ್ಶನ. ನಿರ್ದೇಶನ ಲಿಲೆಟ್ ದುಬೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೀರಾ ನಾಯರ್ ಅವರ ‘ಮಾನ್ಸೂನ್ ವೆಡ್ಡಿಂಗ್’ ಸಿನಿಮಾ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆಲ್ತು. ಅದರಲ್ಲೂ ಇದೇ ವಿಷಯ, ಇಡೀ ಮನೆಗೆ ದೊಡ್ಡವನು ಅನ್ನಿಸಿಕೊಂಡ, ದುಡ್ಡು ಕೊಟ್ಟು ನೆರವಾಗುವ ಒಬ್ಬ ನೆಂಟ. ಆ ಸಿನಿಮಾದಲ್ಲಿ ಮದುಮಗಳ ತಾಯಿಯ ಪಾತ್ರ ಮಾಡಿದ್ದು ಯಾರು ಹೇಳಿ? ಇದೇ ಲಿಲೆಟ್ ದುಬೆ. ಅದರ ಹಿಂದಿನ ವರ್ಷ, 2000ದಲ್ಲಿ, ಪಿಂಕಿ ವಿರಾನಿ ಅವರ ‘ಬಿಟರ್ ಚಾಕೊಲೇಟ್’ ಪುಸ್ತಕ ಬಂದಿತ್ತು. ಹೀಗೆ ಎರಡೇ ವರ್ಷದೊಳಗೆ ಒಂದು ಪುಸ್ತಕ, ಒಂದು ನಾಟಕ, ಒಂದು ಸಿನಿಮಾ. ಅಷ್ಟು ವರ್ಷ ಯಾರೂ ಬಾಯಿ ಬಿಡದ ವಿಷಯ.

ಈಗ ಕಥೆಗೆ ಬರೋಣ. ಮುಂದೆ ಏನಾಗುತ್ತೆ ಅಂತ ಹೇಳದೆ ಈ ನಾಟಕದ ಬಗ್ಗೆ ಮಾತಾಡೋಕೆ ಆಗಲ್ಲ, ಹಾಗಾಗಿ ಪೂರ್ತಿ ಹೇಳ್ತೀನಿ.

ಆ ಹುಡುಗಿ ಹೆಸರು ಮಾಲಾ. ಅವಳ ಯಾವ ಸಂಬಂಧವೂ ಒಂದು ತಿಂಗಳು ದಾಟಲ್ಲ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು, ಮೂವತ್ತು ದಿನ ಆಗ್ತಿದ್ದ ಹಾಗೆ ಅವಳೇ ಮುಗಿಸಿಬಿಡ್ತಾಳೆ. ನಾಟಕದ ಹೆಸರು ಬಂದಿದ್ದು ಅಲ್ಲಿಂದ. ದೀಪಕ್ ಅಂತ ಒಬ್ಬ ಮಾತ್ರ ಬಿಟ್ಟು ಹೋಗಲ್ಲ, ಏನು ವಿಷಯ ಅಂತ ತಿಳಿಯೋಕೆ ಅವಳ ತಾಯಿ ಹತ್ರ ಹೋಗ್ತಾನೆ. ತಾಯಿ ಶಾಂತಾ. ಗಂಡ ಬಿಟ್ಟು ಹೋಗಿದ್ದಾನೆ. ಮನೆಯಲ್ಲಿ ಕೃಷ್ಣನ ಪಟ ಇದೆ, ಅದರ ಮುಂದೆ ಕೂತರೆ ಅವಳಿಗೆ ಬೇರೇನೂ ಬೇಡ. ಈ ಇಬ್ಬರ ಖರ್ಚು ನೋಡಿಕೊಳ್ಳೋದು ಶಾಂತಾಳ ಅಣ್ಣ ವಿನಯ್. ಮಾಲಾಳ ಸೋದರಮಾವ.

ನಮ್ಮ ಕಡೆ ಸೋದರಮಾವ ಅಂದ್ರೆ ಸಣ್ಣ ಸ್ಥಾನ ಅಲ್ಲ, ಅಲ್ವಾ. ಮದುವೆ ಮಂಟಪಕ್ಕೆ ಹುಡುಗಿಯನ್ನ ಕರ್ಕೊಂಡು ಬರೋದು ಅವನೇ. ಮಾಲಾಳದ್ದು ಉತ್ತರ ಭಾರತದ ಕುಟುಂಬ, ಅವರ ಶಾಸ್ತ್ರ ಬೇರೆ. ಆದರೂ ತಾಯಿಯ ಅಣ್ಣ, ಮನೆ ನಡೆಸೋ ಅಣ್ಣ ಅಂದ್ರೆ ಎಲ್ಲ ಕಡೆ ಒಂದೇ ತೂಕ. ಚಿಕ್ಕವಳಿದ್ದಾಗ ಬೇಸಿಗೆ ರಜೆಗಳಲ್ಲಿ ಮಾಲಾಳ ಮೇಲೆ ದೌರ್ಜನ್ಯ ಮಾಡಿದವನು ಅವನೇ.

ಇಷ್ಟೇ ಆಗಿದ್ರೆ ಇದೊಂದು ಜಾಗೃತಿ ನಾಟಕ ಆಗಿ ಉಳೀತಿತ್ತು. ನಾನು ಎಪಿಸೋಡ್ ಮಾಡ್ತಿರಲಿಲ್ಲ. ನನ್ನನ್ನ ಹಿಡಿದು ನಿಲ್ಲಿಸಿದ್ದು ಶಾಂತಾಳ ಮರೆವು.

ತಾಯಿ ಮಗಳ ನಡುವೆ ಜಗಳ ಆದಾಗೆಲ್ಲ ಶಾಂತಾ ‘ನಂಗೆ ನೆನಪಿಲ್ಲ’ ಅಂತಾಳೆ. ಚಿಕ್ಕವಳಿದ್ದಾಗ ನಿನಗೆ ಯಾವ ತಿಂಡಿ ಇಷ್ಟ ಇತ್ತು ಅನ್ನೋದರ ಮೇಲೂ ಇಬ್ಬರಿಗೂ ವಾದ. ಕೇಳೋಕೆ ಸಣ್ಣ ವಿಷಯ. ಆದರೆ ಅದರ ಹಿಂದೆ ಇರೋದು ಬೇರೆ. ಮಾಲಾ ನೋವು ಹೇಳಿಕೊಳ್ಳೋಕೆ ತಾಯಿ ಹತ್ರ ಓಡಿ ಬಂದಾಗೆಲ್ಲ, ತಾಯಿ ಅವಳಿಗೆ ಊಟ ಬಡಿಸಿದ್ದಾಳೆ. ಮಗಳು ಬಾಯಿ ತೆರೆಯೋದ್ರೊಳಗೆ ತುತ್ತು. ಆಮೇಲೆ ದೇವರ ಮುಂದೆ ಕೂರಿಸಿದ್ದಾಳೆ. ಹೊಟ್ಟೆ ತುಂಬಿದೆ, ಪ್ರಾರ್ಥನೆ ಆಗಿದೆ, ಇನ್ನೇನು ಬೇಕು.

1990ರ ದಶಕದಲ್ಲಿ ಅಮೆರಿಕದಲ್ಲಿ ಈ ನೆನಪಿನ ಬಗ್ಗೆಯೇ ಒಂದು ದೊಡ್ಡ ಜಗಳ ನಡೆದಿತ್ತು. ಬಾಲ್ಯದ ದೌರ್ಜನ್ಯದ ನೆನಪು ವರ್ಷಗಟ್ಟಲೆ ಹೂತು ಹೋಗಿ ಆಮೇಲೆ ಮೇಲೆ ಬರಬಹುದು ಅಂತ ಕೆಲವರು. ಇಲ್ಲ, ನಡೆಯದೇ ಇರೋದನ್ನೂ ನೆನಪು ಅಂತ ತಲೆಗೆ ತುಂಬಬಹುದು ಅಂತ ಎಲಿಜಬೆತ್ ಲಾಫ್ಟಸ್ ಥರದ ಮನಶ್ಶಾಸ್ತ್ರಜ್ಞರು. ಕೋರ್ಟಿಗೂ ಹೋಯ್ತು. ದತ್ತಾನಿ ನಾಟಕ ಅದೇ ಕಾಲದ್ದಾದರೂ ಆ ಜಗಳಕ್ಕೆ ಕೈ ಹಾಕಲ್ಲ. ಯಾಕಂದ್ರೆ ಇಲ್ಲಿ ಯಾರೂ ಏನನ್ನೂ ಮರೆತಿಲ್ಲ. ಮಾಲಾಳಿಗೆ ನೆನಪಿದೆ, ಅದು ಗೊತ್ತೇ ಇದೆ. ಶಾಂತಾಳಿಗೂ ನೆನಪಿದೆ. ಅವಳ ‘ಮರೆವು’ ದಿನಾ ಬೆಳಗ್ಗೆ ಎದ್ದು ಅಡುಗೆ ಮಾಡಿದ ಹಾಗೆ ಮಾಡಬೇಕಾದ ಕೆಲಸ.

ಅಕೌಂಟ್ಸ್ ಓದಿದವರಿಗೆ ಗೊತ್ತಿರುತ್ತೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದೇ ಇದ್ರೆ, ವ್ಯತ್ಯಾಸದ ಮೊತ್ತವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಿ. ತಪ್ಪು ಎಲ್ಲಿದೆ ಅಂತ ಸಿಗೋವರೆಗೆ ಮಾತ್ರ ಅದು. ಅಲ್ಲೇ ಬಿಟ್ಟು ಮುಂದಿನ ವರ್ಷಕ್ಕೂ, ಅದರ ಮುಂದಿನ ವರ್ಷಕ್ಕೂ ಎಳೆದುಕೊಂಡು ಹೋದ್ರೆ ಎರಡೂ ಕಡೆ ಸಮ ಕಾಣುತ್ತೆ. ಆಡಿಟರ್ ಕೇಳೋವರೆಗೂ.

ಇಲ್ಲಿ ಕೇಳೋದು ಮಗಳು. ನಾಟಕದ ಕೊನೆ ಭಾಗದಲ್ಲಿ, ಗೊತ್ತಿದ್ದೂ ನೀನು ಸುಮ್ಮನಿದ್ದೆ ಅಂತ ಮಾಲಾ ತಾಯಿ ಮೇಲೆ ಕೂಗಾಡ್ತಾಳೆ. ಆಗ ಶಾಂತಾ ಬಾಯಿ ಬಿಡ್ತಾಳೆ. ಅವಳಿಗೆ ಆರು ವರ್ಷ ಇದ್ದಾಗ ಅದೇ ಅಣ್ಣ ಅವಳಿಗೂ ಅದನ್ನೇ ಮಾಡಿದ್ದ. ಮಾಲಾಳ ಹಾಗೆ ರಜೆಯಲ್ಲಿ ಮಾತ್ರ ಅಲ್ಲ. ಹತ್ತು ವರ್ಷ. ಅವಳು ಹೇಳಿಕೊಳ್ಳೋಕೆ ಯಾರೂ ಇರಲಿಲ್ಲ, ಕೃಷ್ಣನ ಪಟ ಒಂದಿತ್ತು.

ಅಲ್ಲಿಂದ ಹಿಂದಕ್ಕೆ ಹೋಗಿ ಇಡೀ ನಾಟಕ ಮತ್ತೆ ಓದಬೇಕಾಗುತ್ತೆ. ನಾನು ಓದಿದೆ. ಶಾಂತಾ ಊಟ ಬಡಿಸಿದ್ದು, ದೇವರ ಮುಂದೆ ಕೂರಿಸಿದ್ದು ಎಲ್ಲ ಬೇರೆ ಥರ ಕಾಣುತ್ತೆ. ಅವಳು ಮಗಳ ಬಾಯಿ ಮುಚ್ಚಿಸಿದ್ದು ಹೌದು. ಜೊತೆಗೆ, ತಾನು ಬದುಕಿ ಉಳಿಯೋಕೆ ಗೊತ್ತಿದ್ದ ಒಂದೇ ಒಂದು ದಾರಿಯನ್ನ ಮಗಳಿಗೂ ಕಲಿಸ್ತಿದ್ದಳು. ತಿನ್ನು, ಕಣ್ಣು ಮುಚ್ಚು, ಮರೆತ ಹಾಗೆ ಇರು. ಆ ದಾರಿಯಲ್ಲಿ ಅವಳು ಬದುಕಿದ್ದಾಳಲ್ಲ. ಅದು ಮಗಳಿಗೆ ವಿಷ ಆಯ್ತು ಅನ್ನೋದು ಬೇರೆ ವಿಷಯ.

ಮನೆಯ ಗುಟ್ಟನ್ನ ತಾಯಿ ಹೊತ್ತುಕೊಳ್ಳೋದು ದತ್ತಾನಿ ಅವರಲ್ಲಿ ಇದೇ ಮೊದಲಲ್ಲ. ಇದಕ್ಕೆ ಹತ್ತು ಹನ್ನೊಂದು ವರ್ಷ ಮೊದಲು, 1990ರಲ್ಲಿ, ನಮ್ಮ ಚೌಡಯ್ಯ ಸ್ಮಾರಕ ಭವನದಲ್ಲಿ ಅವರ ‘ತಾರಾ’ ನಾಟಕ ಮೊದಲು ಬಂದಿತ್ತು, ‘ಟ್ವಿಂಕಲ್ ತಾರಾ’ ಅನ್ನೋ ಹೆಸರಲ್ಲಿ. ಅಂಟಿಕೊಂಡು ಹುಟ್ಟಿದ ಅವಳಿ ಮಕ್ಕಳು, ಒಂದು ಗಂಡು ಒಂದು ಹೆಣ್ಣು, ಇಬ್ಬರಿಗೂ ಸೇರಿ ಮೂರು ಕಾಲು. ಮೂರನೇ ಕಾಲಿಗೆ ರಕ್ತ ಹೆಚ್ಚು ಹರೀತಿದ್ದಿದ್ದು ಹುಡುಗಿ ಕಡೆಯಿಂದ. ಆದರೂ ಆಪರೇಷನ್‌ನಲ್ಲಿ ಅದನ್ನ ಹುಡುಗನಿಗೆ ಇಟ್ಟರು. ತೀರ್ಮಾನ ಮಾಡಿದ್ದು ತಾಯಿ ಮತ್ತು ತಾಯಿಯ ತಂದೆ, ಆತ ರಾಜಕಾರಣಿ. ಒಪ್ಪಿಕೊಂಡ ಡಾಕ್ಟರ್‌ಗೆ ಬೆಂಗಳೂರಲ್ಲಿ ಆಸ್ಪತ್ರೆ ಕಟ್ಟೋಕೆ ಜಾಗ ಸಿಗ್ತು. ಆ ಕಾಲು ಹುಡುಗನ ಮೈಯಲ್ಲಿ ಎರಡು ದಿನ ಉಳೀತು ಅಷ್ಟೇ. ವರ್ಷಗಳಾದ ಮೇಲೆ ಆ ಹುಡುಗ ಲಂಡನ್‌ನಲ್ಲಿ ಟೈಪ್‌ರೈಟರ್ ಮುಂದೆ ಕೂತು ತಂಗಿ ತಾರಾಳ ನೆನಪನ್ನ ನಾಟಕ ಮಾಡೋಕೆ ಹೊರಡ್ತಾನೆ. ಅವಳ ಕಥೆಯನ್ನೂ ತನ್ನ ಕಥೆ ಮಾಡ್ಕೊಂಡುಬಿಟ್ಟೆ ಅಂತ ಕೊನೆಗೆ ಅವಳ ಕ್ಷಮೆ ಕೇಳ್ತಾನೆ. ನನ್ನ ಅಭಿಪ್ರಾಯ ಕೇಳಿದ್ರೆ ನಾಟಕವಾಗಿ ‘ತಾರಾ’ನೇ ಹೆಚ್ಚು ಬಿಗಿ. ‘ಸೆಪ್ಟೆಂಬರ್’ನಲ್ಲಿ ದೀಪಕ್ ಪಾತ್ರ ಸ್ವಲ್ಪ ಜಾಸ್ತಿ ಒಳ್ಳೆಯವನು, ಅಷ್ಟು ತಾಳ್ಮೆಯ ಹುಡುಗರನ್ನ ನಾನಂತೂ ನೋಡಿಲ್ಲ. ಆದರೆ ಶಾಂತಾ ಥರದ ತಾಯಿಯನ್ನ ಬೇರೆಲ್ಲೂ ಓದಿಲ್ಲ.

ಮಾಲಾ 2001ರಲ್ಲಿ ಪೊಲೀಸ್ ಸ್ಟೇಷನ್‌ಗೆ ಹೋಗಿದ್ರೆ ಏನಾಗ್ತಿತ್ತು? ಇದನ್ನ ಹುಡುಕ್ತಾ ಹೋದಾಗ ನನಗೆ ನಿಜವಾಗಲೂ ಸಿಟ್ಟು ಬಂತು. ಆಗ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಅಂತ ದೇಶಕ್ಕೆಲ್ಲ ಒಂದು ಪ್ರತ್ಯೇಕ ಕಾನೂನೇ ಇರಲಿಲ್ಲ. 1860ರ ದಂಡಸಂಹಿತೆಯಲ್ಲಿ ಅತ್ಯಾಚಾರದ ವ್ಯಾಖ್ಯೆ ಬಹಳ ಕಿರಿದು. ಅದರೊಳಗೆ ಬಾರದ್ದು ಬಹುಮಟ್ಟಿಗೆ 354ನೇ ಸೆಕ್ಷನ್‌ಗೆ ಹೋಗ್ತಿತ್ತು, ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಅಪರಾಧ ಅಂತ. ಗರಿಷ್ಠ ಶಿಕ್ಷೆ ಎರಡು ವರ್ಷ. ಅಷ್ಟು ಶಿಕ್ಷೆಯ ಅಪರಾಧಕ್ಕೆ ಮೂರು ವರ್ಷದ ಕಾಲಮಿತಿ. ಅಂದ್ರೆ ಏಳು ವರ್ಷದ ಮಗುವಿಗೆ ಆಗಿದ್ದಕ್ಕೆ ಹತ್ತು ವರ್ಷ ತುಂಬೋದ್ರೊಳಗೆ ಕೇಸ್ ಆಗಬೇಕು. ತಡವನ್ನ ಮನ್ನಿಸೋ ಅಧಿಕಾರ ಕೋರ್ಟಿಗಿತ್ತು, ಆದರೆ ಅದು ಕೋರ್ಟಿನ ವಿವೇಚನೆ.

ಈಗ ಕಾಮರ್ಸ್ ಕಡೆಗೆ ಬನ್ನಿ. ಯಾರಾದರೂ ಸಾಲ ವಾಪಸ್ ಕೊಡದೇ ಇದ್ರೆ ದಾವೆ ಹಾಕೋಕೂ ಮೂರು ವರ್ಷವೇ. ಆದರೆ 1963ರ ಕಾಲಮಿತಿ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ದುಡ್ಡು ಬರಬೇಕಾದ ವ್ಯಕ್ತಿ ಮೈನರ್ ಆಗಿದ್ರೆ ಲೆಕ್ಕ ಶುರುವಾಗೋದು ಮೇಜರ್ ಆದ ಮೇಲೆ. ಮಗುವಿನ ದುಡ್ಡಿಗೆ ಈ ರಿಯಾಯಿತಿ ಇತ್ತು. ಮಗುವಿನ ಮೈಮೇಲೆ ನಡೆದ ಅಪರಾಧಕ್ಕೆ, ಕ್ರಿಮಿನಲ್ ಕಾನೂನಿನ ಕಾಲಮಿತಿ ಅಧ್ಯಾಯದಲ್ಲಿ, ಅಂಥ ರಿಯಾಯಿತಿ ಇರಲಿಲ್ಲ. ಕಾಲೇಜಲ್ಲಿ ಬಿಸಿನೆಸ್ ಲಾ ಪೇಪರ್‌ಗೆ ಈ 6ನೇ ಸೆಕ್ಷನ್ ಬಾಯಿಪಾಠ ಮಾಡಿದ್ದೆ. ಈ ಹೋಲಿಕೆ ಹೊಳೆದಿದ್ದು ಈಗ.

2007ರಲ್ಲಿ ಕೇಂದ್ರ ಸರ್ಕಾರ ಮಕ್ಕಳ ಮೇಲಿನ ದೌರ್ಜನ್ಯದ ದೊಡ್ಡ ಅಧ್ಯಯನ ಪ್ರಕಟಿಸಿತು. 13 ರಾಜ್ಯ, 12,447 ಮಕ್ಕಳು. ಕರ್ನಾಟಕ ಆ 13ರಲ್ಲಿ ಇರಲಿಲ್ಲ. ಶೇ. 53.22 ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಅಂದರು. ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಯದವರು, ಮಗು ನಂಬಿದವರು. ಅದಾಗಿ ಐದು ವರ್ಷಕ್ಕೆ ಪೋಕ್ಸೊ ಕಾಯ್ದೆ ಬಂತು. ಜಾರಿಗೆ ಬಂದಿದ್ದು 2012ರ ನವೆಂಬರ್ 14, ಮಕ್ಕಳ ದಿನಾಚರಣೆ. ಅದರಲ್ಲಿ ನೆಂಟನೇ ಮಾಡಿದ್ದರೆ ಅಪರಾಧ ಇನ್ನೂ ಗಂಭೀರ. ಪೋಕ್ಸೊ ಅಡಿ ದೂರು ಕೊಡೋಕೆ ಕಾಲಮಿತಿ ಇಲ್ಲ ಅಂತ 2018ರಲ್ಲಿ ಕೇಂದ್ರ ಸರ್ಕಾರ ಸ್ಪಷ್ಟ ಮಾಡಿತು. ಆದರೆ ಕಾಯ್ದೆ ಜಾರಿಗೆ ಬರೋ ಮುಂಚೆ ನಡೆದದ್ದಕ್ಕೆ ಅದು ಅನ್ವಯಿಸಲ್ಲ. ಮಾಲಾಳ ವಯಸ್ಸಿನವರು ಅದರ ಹೊರಗೇ ಉಳಿದರು.

ಇದೇ ಕಾಯ್ದೆಯ 19ನೇ ಮತ್ತು 21ನೇ ಸೆಕ್ಷನ್ ಓದುವಾಗ ನನಗೆ ಮತ್ತೆ ಶಾಂತಾ ನೆನಪಾದಳು. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೇ ಇದ್ರೆ ಅದೂ ಅಪರಾಧ, ಆರು ತಿಂಗಳವರೆಗೆ ಜೈಲು. ಅಂದ್ರೆ ಇವತ್ತಿನ ಲೆಕ್ಕದಲ್ಲಿ ಶಾಂತಾ ಒಬ್ಬ ಆರೋಪಿ. ಅವಳ ಬಾಲ್ಯಕ್ಕೆ ಸಿಗದ ಕಾನೂನು, ಅವಳ ಮೌನಕ್ಕೆ ಸಿಗುತ್ತೆ. ಈ ಸೆಕ್ಷನ್ ಬೇಡ ಅಂತ ನಾನು ಹೇಳ್ತಿಲ್ಲ. ಮುಚ್ಚಿಡೋ ಮನೆಗಳಿಗೆ ಹೆದರಿಕೆ ಇರಲೇಬೇಕು. ಆದರೆ ಅಣ್ಣನ ದುಡ್ಡಲ್ಲಿ ಅಕ್ಕಿ ಬೇಳೆ ತರೋ ಹೆಂಗಸಿಗೆ ‘ಹೋಗಿ ಕಂಪ್ಲೇಂಟ್ ಕೊಡು’ ಅನ್ನೋರು, ಮುಂದಿನ ತಿಂಗಳ ಬಾಡಿಗೆ ಯಾರು ಕೊಡ್ತಾರೆ ಅಂತಲೂ ಯೋಚಿಸಬೇಕು. ದತ್ತಾನಿ ಆ ಮನೆ ಖರ್ಚಿನ ವಿಷಯವನ್ನ ಸುಮ್ಮನೆ ತಂದಿಲ್ಲ.

ಕೊನೆಯಲ್ಲಿ ಮಾಲಾ ತಾಯಿಯನ್ನ ಕ್ಷಮಿಸೋದಕ್ಕಿಂತ, ತಾನು ತಾಯಿ ಮೇಲೆ ತಪ್ಪು ಹೊರಿಸಿದ್ದಕ್ಕೆ ಕ್ಷಮೆ ಕೇಳ್ತಾಳೆ. ಮಾಮನಿಗೆ ವೇದಿಕೆ ಮೇಲೆ ಶಿಕ್ಷೆ ಆಗಲ್ಲ. ಆದರೆ ಟೇಪ್‌ಗಳಿವೆ. ಅವು ನಾಟಕದುದ್ದಕ್ಕೂ ಅಲ್ಲಲ್ಲಿ ಬರ್ತವೆ, ಅವುಗಳಲ್ಲೊಂದು ವರ್ಷಗಳ ನಂತರದ್ದು. ಅದರಲ್ಲಿ ಅವಳು ತನ್ನ ಪೂರ್ತಿ ಹೆಸರು ಹೇಳ್ತಾಳೆ. ಮಾಲಾ ಖತ್ರಿ. ಮುಖ ಮುಚ್ಚಿಕೊಳ್ಳಬೇಕಾದವನು ಅವನು, ನಾನಲ್ಲ ಅನ್ನೋ ಅರ್ಥದ ಮಾತು ಹೇಳ್ತಾಳೆ. ಟೇಪ್‌ಗಳೆಲ್ಲ ಮಾಲಾಳವು. ಶಾಂತಾಳದ್ದು ಒಂದೂ ಇಲ್ಲ.

ಈ ಎಪಿಸೋಡ್‌ಗೆ ಓದ್ತಾ ಇದ್ದಾಗ ಒಂದು ದಿನ ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ನೆಂಟರಲ್ಲಿ ಒಂದು ಮನೆ ಇದೆ. ಬೇಸಿಗೆ ರಜೆಗೆ ದೊಡ್ಡಮ್ಮನ ಮಕ್ಕಳು, ನಾವು ಎಲ್ಲ ಕಡೆ ಹೋಗ್ತಿದ್ವಿ, ಆ ಮನೆಗೆ ಮಾತ್ರ ನಮ್ಮನ್ನ ಯಾವತ್ತೂ ಕಳಿಸ್ತಿರಲಿಲ್ಲ. ಯಾಕೆ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ, ಬಿಸಿಲು ಜಾಸ್ತಿ ಅಂದಿದ್ರು. ಈಗ ಮತ್ತೆ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, ‘ಊಟ ಆಯ್ತೇನೇ?’ ಅಂದ್ರು.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದ್ರು. ‘ಅವತ್ತು ಕೇಳಿದ್ಯಲ್ಲ, ಆ ಮನೆ ವಿಷಯ. ನೀನು ಬಂದಾಗ ಹೇಳ್ತೀನಿ, ಫೋನಲ್ಲಿ ಬೇಡ. ಅದನ್ನೆಲ್ಲ ರೆಕಾರ್ಡ್ ಮಾಡ್ಕೋಬೇಡ ಕಣೇ.’ ಮಾಡಲ್ಲ ಅಂದೆ. ಇಷ್ಟನ್ನ ನಿಮಗೆ ಹೇಳಬಹುದಾ ಅಂತ ಕೇಳಿದೆ, ಇಷ್ಟು ಹೇಳು, ಸಾಕು ಅಂದ್ರು.

ಶನಿವಾರ ಊರಿಗೆ ಹೋಗ್ತಿದ್ದೀನಿ. ಮುಂದಿನ ವಾರ ಎಪಿಸೋಡ್ ಇರಲ್ಲ.